ಹುಬ್ಬಿ ಮಳೆಯೋ, ಉಬ್ಬಿ ಮಳೆಯೋ? ಎಂಬತ್ತರ ದಶಕದ ಪಾಪ್: ಕ್ಯಾಸೆಟ್ ಹಾಡುಗಳ ಸಾಲು ಬಿಡಿಸೋಣ

ಕುಂಬಿ ಕಾಗಿ (ಕೊಪ್ಪಳ):
ಕ್ಯಾಸೆಟ್ ಕಾಲದಾಗ ಮನಿಮನಿಗೆ ಹೊಕ್ಕ ಶಿಶುನಾಳ ಷರೀಫರ ಹಾಡು 'ಸೋರುತಿಹುದು ಮನೆಯ ಮಾಳಿಗಿ' ಎಲ್ಲಾರಿಗೂ ಬಾಯಿಪಾಠ ಐತಿ. ಆದ್ರ ಕಡೀ ನುಡಿಯೊಳಗ 'ಬಂತು ಕಾಣೆ' ಆದಮ್ಯಾಲ ಒಬ್ಬೊಬ್ರು ಒಂದೊಂದು ಹಾಡ್ತಾರ. ಹುಬ್ಬಿ ಮಳೆಯು, ಉಬ್ಬಿ ಮಳೆಯು, ಹಬ್ಬಿ ಮಳೆಯು. ಖರೇದು ಯಾವುದ್ರಿ? ಇನ್ನೊಂದು ಪ್ರಶ್ನೆ: 'ಒಳಗೆ ಹೊರಗೆ ಏಕವಾಗಿ' ಅನ್ನೋದನ್ನ ಅದ್ವೈತ ಅಂತ ಅರ್ಥ ಹೇಳ್ತಾರ. ಮಾಳಿಗಿ ಸೋರಿ ಮನಿ ಹಾಳಾಗೋ ಹಾಡಿನಾಗ ಆ ಅರ್ಥ ಹೆಂಗ ಕೂಡ್ತೈತಿ?

ಸಿಂಧನೂರು ಸವಳು (ರಾಯಚೂರು ಜಿಲ್ಲೆ):
ಹುಬ್ಬಿ. ಅದು ಮಳಿ ನಕ್ಷತ್ರದ ಹೆಸರು. ಪೂರ್ವಾ ಹೋಗಿ ಪುಬ್ಬಾ, ಪುಬ್ಬಾ ಹೋಗಿ ಹುಬ್ಬಿ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಹಂಗ ಇದೂ. ಸೂರ್ಯ ಒಂದೊಂದು ನಕ್ಷತ್ರದಾಗ 13-14 ದಿನ ಇರ್ತಾನ. ಮಘಿ ಮಳಿ ಆಗಸ್ಟ್ ನಡುವ ಕೂಡ್ತದ, ಹುಬ್ಬಿ ಆಗಸ್ಟ್ 30ರ ಸುಮಾರಿಗೆ, ಉತ್ತರಿ ಸೆಪ್ಟೆಂಬರ್ 13ರ ಹೊತ್ತಿಗೆ, ಆಮ್ಯಾಲ 27ಕ್ಕ ಹಸ್ತ. ಒಂದು ದಿನ ಹಿಂದ ಮುಂದ ಆಗ್ತದ, ಅಷ್ಟ.

ನಮ್ಮ ಕಡಿ ಮುಂಗಾರು ಅಂದ್ರ ಗಾಳಿನೇ ಹೆಚ್ಚು, ಹನಿ ಕಡಿಮಿ. ವರ್ಷದಾಗ ದಪ್ಪ ಮಳಿ ಬೀಳೋದು ಸೆಪ್ಟೆಂಬರ್‌ದಾಗ. ಅಂದ್ರ ಜೂನ್-ಜುಲೈ ಹೆಂಗೋ ತಡಕೊಂಡ ಮಾಳಿಗಿ ಹುಬ್ಬಿಗೆ ಬಾಯಿ ಬಿಡ್ತದ. ಅವರು ಬರೇ 'ಮಳಿ ಬಂತು' ಅಂದಿಲ್ಲ, ಯಾವ ಮಳಿ ಅಂತ ಹೆಸರು ಹಿಡದು ಹೇಳ್ಯಾರ.

ಬಳ್ಳಾರಿ ಬಿಸಿಲು:
ಛಂದಸ್ಸಿನಿಂದ ಇದನ್ನ ಬಗೆಹರಿಸೋಕೆ ಹೋದರೆ ಅರ್ಧ ಮಾತ್ರ ಬಗೆಹರಿಯುತ್ತೆ. ಹಾಡು ಪೂರ್ತಿ ಮೂರು ಮಾತ್ರೆಯ ಗಣದಲ್ಲಿ ನಡೆಯುತ್ತೆ. ಬಂತು, ಕಾಣೆ, ಹುಬ್ಬಿ, ಮಳೆಯು: ಮೂರು, ಮೂರು, ಮೂರು, ಮೂರು. 'ಹಬ್ಬಿದ ಮಳೆಯು' ಅಂತ ಯಾರಾದರೂ ಹಾಡಿದರೆ ಒಂದು ಮಾತ್ರೆ ಜಾಸ್ತಿ, ತಾಳಕ್ಕೆ ಎಡವುತ್ತೆ, ಅದನ್ನ ಕೈಬಿಡಬಹುದು. ಆದರೆ ಉಬ್ಬಿ, ಹಬ್ಬಿ ಎರಡೂ ಹುಬ್ಬಿಯಷ್ಟೇ ತೂಕ. ಇವನ್ನ ತಳ್ಳಿಹಾಕೋಕೆ ಅರ್ಥವೇ ಬೇಕು. 'ಉಬ್ಬಿ ಮಳೆಯು ಬಂತು' ಅಂತ ಯಾವ ಊರಲ್ಲೂ ಮಾತಾಡಲ್ಲ. ಹೊಳೆ ಉಬ್ಬುತ್ತೆ, ಮಳೆ ಉಬ್ಬಲ್ಲ.

ಗಣದ ಮಾತು ಬಂತು ಅಂತ ಒಂದು ಮೋಜು ಹೇಳ್ತೀನಿ. 1983ರ 'ಪಲ್ಲವಿ ಅನುಪಲ್ಲವಿ'ಯಲ್ಲಿ ಇಳಯರಾಜರ ಮಟ್ಟಿಗೆ ಆರ್.ಎನ್. ಜಯಗೋಪಾಲ್ ಬರೆದ ಸಾಲು ನೋಡಿ: ನಗುವ, ನಯನ, ಮಧುರ, ಮೌನ. ಮೊದಲ ಮೂರು ಪದದಲ್ಲಿ ಮೂರು ಮೂರು ಲಘು, ಕೊನೆಯದರಲ್ಲಿ ಒಂದು ಗುರು ಒಂದು ಲಘು. ಈಗ ಷರೀಫರದು: ಮುರುಕು, ತೊಲೆಯು, ಹುಳುಕು, ಜಂತಿ. ಅಕ್ಷರಕ್ಕೆ ಅಕ್ಷರ ಅದೇ ಅಚ್ಚು. ಬಾಯಲ್ಲಿ ಒಂದರ ಮಟ್ಟಿಗೆ ಇನ್ನೊಂದನ್ನ ಕೂರಿಸಿ ನೋಡಿ, ಎಲ್ಲೂ ತೊಡಕಾಗಲ್ಲ. ಒಂದು ನಯನಕ್ಕೆ, ಇನ್ನೊಂದು ಹುಳ ಹಿಡಿದ ಜಂತಿಗೆ.

ಹಗರಿ ದಂಡಿ (ಬಳ್ಳಾರಿ ಜಿಲ್ಲೆ):
ತಪ್ಪು ತಿಳಿಬೇಡಿ, ಎಂಬತ್ತರ ದಶಕದ ಪಾಪ್ ಅಂತ ಶುರು ಮಾಡಿ ತತ್ವಪದಕ್ಕೆ ಬಂದ್ರಲ್ಲ. ಷರೀಫರು 1819ರಿಂದ 1889.

ಕುಂಬಿ ಕಾಗಿ:
ಪದ ಹಳೇವು, ಮಾರಾಟ ಎಂಬತ್ತರದ್ದು. 1978ರಾಗ 'ನಿತ್ಯೋತ್ಸವ' ಕ್ಯಾಸೆಟ್ ಬಂದಮ್ಯಾಲ ಸುಗಮ ಸಂಗೀತಕ್ಕ ಸಿನಿಮಾ ಬ್ಯಾಡ ಅಂತ ಗೊತ್ತಾತು. ಆಮ್ಯಾಲ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಇವರ ದನಿಯೊಳಗ ಷರೀಫರ ಪದ ಚಹಾ ಹೋಟೆಲಿಗೂ ಬಂತು, ಬಸ್ಸಿಗೂ ಬಂತು. 1990ಕ್ಕ ನಾಗಾಭರಣರ ಸಿನಿಮಾ. ಜನರ ಬಾಯಾಗ ಕುಂತದ್ದ ಪಾಪ್ ಅನ್ನೋದಾದ್ರ ಇದು ನಮ್ಮ ಪಾಪ್.

ಗಚ್ಚು ಗಾರಿ (ಕುಷ್ಟಗಿ):
ಏಕವಾಗೋದು ಅದ್ವೈತನೋ ಅಲ್ಲೋ ಅನ್ನೋದಕ್ಕ ಮೊದಲ ಮಾಳಿಗಿ ಹೆಂಗಿರ್ತೈತಿ ಅಂತ ಕೇಳ್ರಿ. ಆರ್‌ಸಿಸಿ ಸ್ಲ್ಯಾಬ್ ಕಣ್ಣ ಮುಂದ ಇಟಗೊಂಡು ಈ ಹಾಡು ಬಿಡಿಸಾಕ ಬರೂದಿಲ್ಲ.

ಗ್ವಾಡಿ ಮ್ಯಾಲ, ಕಂಬದ ಮ್ಯಾಲ ಕೂಡೋದು ತೊಲಿ. ತೊಲಿಗೆ ಅಡ್ಡ ಜಂತಿ, ಹೆಚ್ಚುಕಡಿಮಿ ಅಡಿಗೊಂದು. ಜಂತಿ ಮ್ಯಾಲ ಸಣ್ಣ ಕಟಗಿ ಒತ್ತೊತ್ತಾಗಿ ಹಾಸೋದು, ಅದರ ಮ್ಯಾಲ ಬೇವಿನ ತಪ್ಪಲ, ಇಲ್ಲಾಂದ್ರ ಲಕ್ಕಿ ತಪ್ಪಲ, ಹುಳ ಹತ್ತಬಾರದು ಅಂತ. ತಪ್ಪಲದ ಮ್ಯಾಲ ಕೆಸರು ಮಣ್ಣು ಬಡದು ಒಣಗಿಸಿ, ಕಡೀಕ ಕರಲು ಮಣ್ಣು, ಅಂದ್ರ ಸವಳು ಮಣ್ಣು, ಹಾಕಿ ಮೆಟ್ಟೋದು. ಮಣ್ಣಿನ ದಪ್ಪ ಒಂದು ಗೇಣು ಅನ್ಕೊಳ್ರಿ. ಇಳಿಜಾರು ಕಣ್ಣಿಗೆ ಕಾಣೂದಿಲ್ಲ, ಹತ್ತು ಅಡಿಗೆ ಎರಡು ಮೂರು ಇಂಚು, ಅದೂ ನೀರು ಹೊರಗ ಬೀಳೋ ದೋಣಿ ಕಡೆ.

ಈಗ ಭಾರದ ಲೆಕ್ಕ. ಹತ್ತಡಿಗೆ ಹತ್ತಡಿ ಅಂಕಣ, ಮುಕ್ಕಾಲಡಿ ಮಣ್ಣು ಅಂದ್ರ 75 ಘನ ಅಡಿ. ಮೆಟ್ಟಿದ ಮಣ್ಣು ಘನ ಅಡಿಗೆ ಸುಮಾರು 50 ಕಿಲೋ. ಒಣಗಿದ್ದಾಗನ ಮೂರೂವರೆ ಟನ್ ದಾಟ್ತೈತಿ. ರಾತ್ರಿಯೆಲ್ಲ ಮಳಿ ಹೀರಕೊಂಡ್ರ ಅದರ ಮ್ಯಾಲ ಇನ್ನ 400 ಕಿಲೋ. 'ಜಲದ ಭರದಿ' ಅನ್ನೋದು ಸುಮ್ನ ಪ್ರಾಸಕ್ಕ ಬಂದದ್ದಲ್ಲ.

ಷರೀಫರು ನುಡಿ ಕಟ್ಟಿದ ವರಸಿ ನೋಡ್ರಿ. ಮೊದಲ ತೊಲಿ ಮುರುಕು, ಆಮ್ಯಾಲ ಜಂತಿ ಹುಳುಕು, ಆಮ್ಯಾಲ ಕೀಲ ಸಡಲಿತು. ಅಲ್ಲಿಂದ ಮ್ಯಾಲ ಹತ್ತಿ ಕರಕಿ ಹುಲ್ಲು, ಇರುವಿ, ತಿಳಿಯ ಮಣ್ಣು, ನೀರು. ಕೆಳಗಿನಿಂದ ಮ್ಯಾಲ, ಒಬ್ಬ ಮೇಸ್ತ್ರಿ ಕಂದೀಲು ಹಿಡದು ತಪಾಸ ಮಾಡಿದಂಗ. ತೊಲಿ ಎರಡು ಇಂಚು ಬಾಗಿದ್ರ ಸಾಕು, ದೋಣಿ ಕಡೆ ಇದ್ದ ಇಳಿಜಾರು ನಡುಮನಿ ಕಡೆ ತಿರುಗ್ತೈತಿ. ಅಲ್ಲಿ ನೀರು ನಿಂದರ್ತೈತಿ, ನಿಂತ ನೀರಿನ ಭಾರಕ್ಕ ತೊಲಿ ಇನ್ನಷ್ಟು ಬಾಗ್ತೈತಿ. ಬ್ಯಾಸಗಿಯೊಳಗ ಕಟಗಿ ಒಣಗಿ ಕುಗ್ಗಿ ಕೀಲ ಸಡ್ಲ ಬಿದ್ದಿರ್ತೈತಿ, ಮಳಿಗಾಲದಾಗ ಅಲ್ಲೇ ಜಾರ್ತೈತಿ.

ಇನ್ನ 'ಮೇಲಕೇರಿ ಮೆಟ್ಟಲಾರೆ'. ಕೆಲವರು ಇದನ್ನ 'ಹೋಗಲಾರೆ' ಅಂತ ಹಾಡ್ತಾರ. ಮೆಟ್ಟೋದು ಅನ್ನೋದ ಇಲ್ಲಿ ಜೀವ. ಮಣ್ಣಿನ ಮಾಳಿಗಿ ರಿಪೇರಿ ಅಂದ್ರ ಮೆಟ್ಟೋದು. ಆದ್ರ ನೆನದ ಮಾಳಿಗಿ ಮೆಟ್ಟಾಕ ಹೋದ್ರ ಹಿಮ್ಮಡಿ ಒಳಗ ಇಳಿತೈತಿ, ತೂತು ದೊಡ್ಡದಾಗ್ತೈತಿ. ಮಳಿ ನಡದಾಗ ಮಾಡಬಹುದಾದದ್ದು ಇಷ್ಟ: ಸೋರೋ ಕಡೆ ಒಣ ಕರಲು ಚೆಲ್ಲಿ, ಕೆಳಗ ಪಾತ್ರಿ ಇಡೋದು. ಖರೇ ರಿಪೇರಿ ರೋಹಿಣಿ ಮಳಿಗಿಂತ ಮೊದಲ, ಅಂದ್ರ ಮೇ ಮೂರನೇ ವಾರದೊಳಗ ಮುಗಿಬೇಕು. ಪಲ್ಲವಿಯೊಳಗ 'ಅಜ್ಞಾನದಿಂದ' ಅನ್ನೋದು ಅದಕ್ಕ. ಬ್ಯಾಸಗಿಯೊಳಗ ಮಾಡೋ ಕೆಲಸ ಬಿಟ್ಟು ಹುಬ್ಬಿಯೊಳಗ ಅಳೋದು.

ಸಿಂಧನೂರು ಸವಳು:
ಕರಲು ಮಣ್ಣೇ ಯಾಕ ಅನ್ನೋದು ಇದಕ್ಕ ಸೇರಸ್ರಿ. ಯರಿ ಮಣ್ಣು, ಅಂದ್ರ ಕಪ್ಪು ಮಣ್ಣು, ಹಾಕಿದ್ರ ಒಣಗಿದಾಗ ಬೆರಳು ಹೋಗುವಂಥ ಬಿರುಕು ಬಿಡ್ತದ, ಮೊದಲ ಮಳಿಗೇ ನೀರು ನೇರ ಜಂತಿಗೆ. ಮಸಾರಿ ಅಂದ್ರ ಕೆಂಪು ಮಣ್ಣಿನಾಗ ಉಸುಕು ಹೆಚ್ಚು, ನೀರು ಜಿನುಗ್ತದ. ಸವಳು ಮಣ್ಣಿನಾಗ ಸೋಡಿಯಂ ಇರ್ತದ. ಅದು ನೀರು ಕಂಡ ಕೂಡ್ಲೆ ಜೇಡಿಯ ಕಣ ಒಂದಕ್ಕೊಂದು ಬಿಟ್ಟು ತೇಲ್ತವ, ಸಂದಿಯೊಳಗ ಹೋಗಿ ಕೂತು ಮುಚ್ಚತವ. ಮ್ಯಾಲ ಅರ್ಧ ಇಂಚು ನೆನೀತದ, ಕೆಳಗ ಒಣ. ಹೊಲಕ್ಕ ಶಾಪ, ಮಾಳಿಗಿಗೆ ವರ. ತುಂಗಭದ್ರಾ ಕಾಲುವಿ ಕೆಳಗ ಸವಳು ಬಿದ್ದ ಹೊಲದವರನ್ನ ಕೇಳ್ರಿ, ನೀರು ಯಾಕ ಇಂಗೂದಿಲ್ಲ ಅಂತ. ಅದ ಗುಣ.

ಈಗ 'ತಿಳಿಯ ಮಣ್ಣು' ಅನ್ನೋ ಮಾತಿಗೆ ಬರ್ರಿ. ಆ ಕಣ ಸಂದಿ ಮುಚ್ಚೋದು ಸಂದಿ ಸಣ್ಣದಿದ್ದಾಗ ಅಷ್ಟ. ಬೇರಿನ ದಾರಿ, ಇರುವಿ ದಾರಿ ಆಗಿದ್ರ ಅದ ತಿಳಿ ಮಣ್ಣು ನೀರಿನ ಜೋಡಿ ಕೆಳಗ ಇಳಿದು ಹೋಗ್ತದ, ದಾರಿ ಅಗಲ ಆಗ್ತದ. ಕಾಯೋ ಮಣ್ಣೇ ಕೊಚ್ಚಿಕೊಂಡು ಹೋಗೋದು. ಷರೀಫರು ಹುಲ್ಲು, ಇರುವಿ ಮೊದಲ ಹೇಳಿ ಮಣ್ಣು ಆಮ್ಯಾಲ ಹೇಳಿದ್ದು ಅದಕ್ಕ ಸರಿ ಅದ.

ಹಗರಿ ದಂಡಿ:
ಸವಳು ಮಣ್ಣಲ್ಲಿ ಹುಲ್ಲು ಬರಲ್ಲ ಅಂತಾರೆ. ಹಂಗಾದ್ರೆ 'ಕರಕಿ ಹುಲ್ಲು' ಹೆಂಗೆ ಬಂತು? ಇನ್ನೊಂದು, 'ಕಸವು ಹತ್ತಿ' ಅಂದ್ರೆ ಹತ್ತಿ ಬೀಜ ಬಿದ್ದು ಗಿಡ ಎದ್ದಿದೆ ಅಂತಾನಾ?

ಸಿಂಧನೂರು ಸವಳು:
ಕರಕಿ ಅಂದ್ರ ಗರಿಕಿ. ಉಳಿದ ಹುಲ್ಲು ಸಾಯೋ ಕಡೆ ಇದು ಬದುಕ್ತದ, ಉಪ್ಪು ತಡ್ಕೊಳ್ಳೋದರಾಗ ಗಟ್ಟಿ. ಹಿಂಗಾಗಿ ಮಾಳಿಗಿ ಮ್ಯಾಲ ಮೊದಲ ಕಾಣೋದು ಅದ. ಬೇರಿನ ಜೋಡಿ ನೆಲದೊಳಗ ಕಾಂಡನೂ ಹರೀತದ, ಕಿತ್ತರೂ ಒಂದು ಗೆಣ್ಣು ಉಳಿದ್ರ ಮತ್ತ ಚಿಗೀತದ. ಒಣಗಿದಾಗ ಜಗ್ಗಬಾರದು, ಹೆಂಟಿ ಸಮೇತ ಎದ್ದು ಬರ್ತದ. ಒಂದು ಹದ ಮಳಿ ಆದಮ್ಯಾಲ ಕುರ್ಪಿ ಹಾಕಿ ಬೇರು ಬಿಡಿಸಿ, ಆ ಕುಣಿಗೆ ಕರಲು ತುಂಬಿ ಮೆಟ್ಟಬೇಕು.

ಹತ್ತಿ ಅಂದ್ರ ಇಲ್ಲಿ ಹತ್ತಿ ಗಿಡ ಅಲ್ಲ ಮಾರಾಯ್ರ. ಹತ್ತು ಅನ್ನೋ ಕ್ರಿಯಾಪದ. ಹುಳ ಹತ್ತೈತಿ, ಬೂಸ್ಟು ಹತ್ತೈತಿ ಅನ್ನೋದಿಲ್ಲೇನು, ಹಂಗ ಕಸ ಹತ್ತಿ.

ಏಕತಾರಿ (ಲಿಂಗಸುಗೂರು):
ಮೇಸ್ತ್ರಿ ಲೆಕ್ಕ ಚಲೋ ಆಯ್ತು. ಆದ್ರ ಅಷ್ಟಕ್ಕೇ ನಿಂತ್ರ ಹಾಡು ಮನಿ ರಿಪೇರಿ ಪಟ್ಟಿ ಆಗ್ತದ. ಸಾಲಿನಾಗೇ 'ದುರಿತ ಭವದಿ' ಅಂತ ಅದ. ದುರಿತ ಪಾಪ, ಭವ ಹುಟ್ಟು-ಸಾವಿನ ಸುತ್ತು. ತೊಲಿ ಬೆನ್ನೆಲುಬು, ಜಂತಿ ಪಕ್ಕೆಲುಬು, ಕೀಲ ಅಂದ್ರ ಕೀಲೇ. ಇದನ್ನ ಯಾರೂ ಅಲ್ಲ ಅನ್ನೂದಿಲ್ಲ.

ಏಕವಾಗೋದರ ಬಗ್ಗೆ ನಾ ಹೇಳೋದು ಇಷ್ಟ. ವೇದಾಂತದಾಗ ಘಟಾಕಾಶ, ಮಠಾಕಾಶ ಅಂತ ಎರಡು ಮಾತು ಅವ. ಗಡಿಗಿ ಒಳಗಿನ ಬಯಲು, ಮನಿ ಒಳಗಿನ ಬಯಲು. ಗಡಿಗಿ ಒಡೆದ್ರ, ಮನಿ ಬಿದ್ರ ಒಳಗಿನ ಬಯಲು ಹೊರಗಿನ ಬಯಲಿಗೆ ಕೂಡ್ತದ. ಗುರು ಗೋವಿಂದ ಭಟ್ಟರ ಶಿಷ್ಯ ಷರೀಫರಿಗೆ ಇದು ಗೊತ್ತಿಲ್ಲದ ಮಾತಲ್ಲ. ಮಾಳಿಗಿ ಹಾಡಿನಾಗ ಒಳಗೆ ಹೊರಗೆ ಏಕ ಅಂದಾಗ ಮಠಾಕಾಶ ನೆನಪಿಗೆ ಬರಲಿ ಅಂತಲೇ ಅಂದಾರ.

ಗಚ್ಚು ಗಾರಿ:
ಬರ್ಲಿ, ಬ್ಯಾಡ ಅನ್ನಲ್ಲ. ಆದ್ರ ಹಾಡೋನು ಅಲ್ಲಿ ಹಿಗ್ಗಾಕತ್ತಿಲ್ಲ, ಅಂಜ್ಯಾನ. ಏಕ ಆಗೈತಿ ಅಂತ ಸಂತೋಷ ಇದ್ದಿದ್ರ ಮುಂದಿನ ನುಡಿಯಾಗ ಹೆಂಡತಿನ ಕರದು 'ಕಾಂತೆ ಕೇಳೆ' ಅಂತ, ಶಿಶುನಾಳಧೀಶ 'ನಿಂತು ಪೊರೆವನೆಂದು' ಯಾಕ ನಂಬಬೇಕಿತ್ತು? ಬಯಲಾದವನಿಗೆ ಪೊರೆಯೋದು ಏನ ಉಳೀತು?

ಏಕತಾರಿ:
ಇದಕ್ಕ ನಾ ಸೋತೆ ಅಂತಲೇ ಹಿಡೀರಿ, ಆದ್ರ ಪೂರ್ತಿ ಅಲ್ಲ. ಅದ್ವೈತದ ಮಾತು ತಂದು ಉಲ್ಟಾ ಹಾಕ್ಯಾರ ಅಂತೀನಿ. ಅರಿವಿನಿಂದ ಒಂದಾಗೋದು ಬ್ಯಾರೆ, ಕುಸಿದು ಒಂದಾಗೋದು ಬ್ಯಾರೆ. ಪಲ್ಲವಿಯೊಳಗ 'ಅಜ್ಞಾನದಿಂದ' ಅಂತ ಕೂಡಿಸಿದ್ದು ಅದಕ್ಕೇ ಇರಬೇಕು. ಪ್ರತಿ ನುಡಿ ಆದಮ್ಯಾಲ ಪಲ್ಲವಿ ತಿರುಗಿ ಬರ್ತದಲ್ಲ, 'ಏಕವಾಗಿ' ಆದ ಕೂಡ್ಲೆ ಕಿವಿಗೆ ಬೀಳೋದು 'ಸೋರುತಿಹುದು'.

ಸಿಂಧನೂರು ಸವಳು:
'ಕರುಣದಿಂದ ಬಂತು' ಅನ್ನೋದನ್ನೂ ಬಿಡಬ್ಯಾಡ್ರಿ. ಮನಿ ಸೋರಾಕತ್ತದ, ಅಂಥಾದ್ರಾಗ ಮಳಿ ಕರುಣದಿಂದ ಬಂತು ಅಂತಾನ. ಹುಬ್ಬಿ, ಉತ್ತರಿ ಹಸಿ ಯರಿ ಹೊಲದೊಳಗ ಕುಂತ್ರನೇ ಹಿಂಗಾರಿ ಬಿಳಿಜೋಳ ಬಿತ್ತಾಕ ಬರೋದು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ. ಆ ಹಸಿ ಮ್ಯಾಲನೇ ಬೆಳಿ ತೆನಿಗೆ ಬರ್ತದ. ಮಳಿ ಬಿದ್ರ ಮಾಳಿಗಿ ಹೋಗ್ತದ, ಬೀಳದಿದ್ರ ರೊಟ್ಟಿ ಹೋಗ್ತದ. 'ಉಬ್ಬಿ' ಅಂತ ಹಾಡಿದ್ರ ಈ ಒಕ್ಕಲುತನದ ಅರ್ಥ ಪೂರ್ತಿ ಹಾರಿ ಹೋಗ್ತದ.

ಬಳ್ಳಾರಿ ಬಿಸಿಲು:
ಹಾಡಿನ ಅರ್ಥ ಉಲ್ಟಾ ಹಿಡಿಯೋದು ನಮ್ಮಲ್ಲಿ ಮಾತ್ರ ಇಲ್ಲ. 1983ರಲ್ಲಿ 'ದಿ ಪೊಲೀಸ್' ತಂಡದ 'ಎವೆರಿ ಬ್ರೆತ್ ಯು ಟೇಕ್' ಬಂತು. ಮಟ್ಟು ಮೆತ್ತಗಿದೆ ಅಂತ ಅಲ್ಲಿ ಮದುವೆಗಳಲ್ಲಿ ಹಾಕ್ತಾರೆ. ಸಾಲು ಬಿಡಿಸಿದರೆ ಬಿಟ್ಟು ಹೋದವಳ ಒಂದೊಂದು ಹೆಜ್ಜೆಗೂ ಕಣ್ಣಿಟ್ಟವನ ಮಾತು. ಬರೆದ ಸ್ಟಿಂಗ್ ಅವರೇ ಇದು ಪ್ರೇಮಗೀತೆ ಅಲ್ಲ ಅಂದಿದ್ದಾರೆ. ಮಾರನೇ ವರ್ಷದ ಸ್ಪ್ರಿಂಗ್‌ಸ್ಟೀನ್ ಹಾಡು 'ಬಾರ್ನ್ ಇನ್ ದಿ ಯು.ಎಸ್.ಎ.' ಕೂಡ ಹಂಗೇ. ಪಲ್ಲವಿ ಕೇಳಿದವರಿಗೆ ದೇಶಭಕ್ತಿ, ಚರಣ ಕೇಳಿದವರಿಗೆ ವಿಯೆಟ್ನಾಂನಿಂದ ವಾಪಸ್ ಬಂದು ಕೆಲಸ ಸಿಗದವನ ಗೋಳು. ಪಲ್ಲವಿ ಮಾತ್ರ ಕಿವಿಯಲ್ಲಿ ಉಳಿದು, ಚರಣಕ್ಕೆ ಕಿವಿಗೊಡದಿದ್ದರೆ ಆಗೋದೇ ಹೀಗೆ.

ನಮ್ಮಲ್ಲಿ ಇದಕ್ಕೆ ಜೋಡಿ ಅಂದರೆ 'ಅಳಬೇಡ ತಂಗಿ ಅಳಬೇಡ'. ಹೆಣ್ಣು ಒಪ್ಪಿಸೋ ಹೊತ್ತಿ‌ಗೆ ಮೈಕಲ್ಲಿ ಹಾಕ್ತಾರೆ. ಅದು ಸಾವಿನ ಪದ.

ಏಕತಾರಿ:
ಅಲ್ಲಿ ಕೀಲಿ ಇರೋದು 'ಕಳುಹಲು ಬಂದವರಿಲ್ಲಿ ಉಳುಕೊಂಬುವರಿಲ್ಲ' ಅನ್ನೋ ಸಾಲಿನಾಗ. ಮದುವಿಯಾಗ ಕಳಸಾಕ ಬಂದವರು ಊರಾಗ ಉಳೀತಾರ, ಹೋಗಾಕಿ ಒಬ್ಬಾಕಿ. ಇಲ್ಲಿ ಕಳಸಾಕ ಬಂದವರೂ ಉಳಿಯೋರಲ್ಲ. ಅಷ್ಟು ಹೇಳಿದಮ್ಯಾಲ ಅದು ಗಂಡನ ಮನಿ ಹೆಂಗಾಗ್ತದ?

ಮುಂದ ಉಡಿಯಕ್ಕಿ ಮಾತು ಬರ್ತದ. ಉಡಿ ತುಂಬೋದು ನಮ್ಮ ಕಡಿ ಹೆಂಗಂದ್ರ ಅಕ್ಕಿ, ಕೊಬ್ಬರಿ ಬಟ್ಟಲ, ಅರಿಷಿಣ ಕೊಂಬು, ಉತ್ತತ್ತಿ, ಅಡಿಕಿ, ಎಲ್ಲಾ ಐದೈದು. ಹೊರಟ ಮದುಮಗಳಿಗೂ ತುಂಬತಾರ, ಮುತ್ತೈದೆ ತೀರಿಕೊಂಡ್ರ ಆಕಿಗೂ ತುಂಬಿ ಕಳಸ್ತಾರ. ಎರಡಕ್ಕೂ ಅದ ಹಸಿರು ಸೀರಿ, ಅದ ಬಳಿ. ಹಿಂಗಾಗಿ ಪದ ಕೊನೀತನಕ ಎರಡೂ ಕಡಿ ನಡೀತದ. ಮದುವಿಯೊಳಗ ಹಾಕಿದ್ರ ತಪ್ಪು ಅನ್ನೋ ಹಟ ನನಗಿಲ್ಲ, ಹಾಕಿದವರಿಗೆ ಗೊತ್ತಿದ್ರ ಚಲೋ.

ಹಗರಿ ದಂಡಿ:
ಗೊತ್ತಿದ್ರೆ ಯಾರು ಹಾಕ್ತಾರೆ ಸ್ವಾಮಿ.

ಲಾಳಿ (ಭಾಗ್ಯನಗರ, ಕೊಪ್ಪಳ):
'ಕೋಡಗನ ಕೋಳಿ ನುಂಗಿತ್ತ' ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕ ಬರದೆ. ಮೊದಲ, ಕೋಡಗ ಅಂದ್ರ ಮಂಗ, ಕೊಡಗು ಜಿಲ್ಲೆ ಅಲ್ಲ. ಈ ಪದ ಆಗದ ಮಾತು ಕೂಡಿಸಿದ ಒಗಟು ಅಂತ ಎಲ್ಲಾ ಕಡೆ ಹೇಳ್ತಾರ. ಪೂರ್ತಿ ಹಂಗಿಲ್ಲ. ಆಡು ಆನಿಯ ನುಂಗೋದು ಆಗದ ಮಾತು, ಒಪ್ಪಿದೆ. ಆದ್ರ 'ಗೋಡೆ ಸುಣ್ಣವ ನುಂಗಿ' ದಿನಾ ಆಗೋದು. ಒಣ ಮಣ್ಣಿನ ಗ್ವಾಡಿಗೆ ನೀರು ಹೊಡೀದ ಸುಣ್ಣ ಬಳದ್ರ ಮೊದಲನೇ ಕೈ ಪೂರಾ ಕುಡೀತೈತಿ, ಬಣ್ಣ ಏಳೋದು ಎರಡನೇ ಕೈಗೆ. 'ಒಳ್ಳು ಒನಕೆಯ ನುಂಗಿ', ಒನಕಿ ಮಾರಿ ಒಳ್ಳಿನಾಗ ಮುಳುಗೂದ ಕುಟ್ಟೋದು.

ನೇಯಗಿ ನುಡಿ ನೋಡ್ರಿ. 'ಮಗ್ಗದಲಿರುವ ಅಣ್ಣನನ್ನೆ ಕುಣಿಯೆ ನುಂಗಿತ್ತ'. ಇದನ್ನ ಕುಣಿಯೋದು ಅಂತ, ಡ್ಯಾನ್ಸ್ ಅಂತ ಅರ್ಥ ಮಾಡಿದವ್ರು ಅದಾರ! ಕುಣಿ ಅಂದ್ರ ತಗ್ಗು. ಕುಣಿಮಗ್ಗದಾಗ ನೇಕಾರ ನೆಲದ ಮಟ್ಟಕ್ಕ ಕುಂತು ಕಾಲು ತಗ್ಗಿನಾಗ ಇಳಿಬಿಡ್ತಾನ, ಮೆಟ್ಟೋ ಹಲಗಿ ಅಲ್ಲೇ ಕೆಳಗ ಇರ್ತಾವ. ದೂರದಿಂದ ನೋಡಿದ್ರ ಸೊಂಟದ ಮ್ಯಾಲ ಅಷ್ಟ ಕಾಣ್ತಾನ, ಉಳಿದ ಅರ್ಧ ಕುಣಿ ಬಾಯಾಗ. ಮಗ್ಗ ಭೂಮಿ ಮ್ಯಾಲ ಎತ್ತಿ ಇಡದ ತಗ್ಗು ತೋಡೋದು ಯಾಕಂದ್ರ ನೆಲದ ತಂಪಿಗೆ ಹತ್ತಿ ನೂಲು ಹರಿಯೂದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಒಣಗಿದ ನೂಲು ಪಟಪಟ ಹರೀತೈತಿ, ಗಂಟು ಹಾಕೋದ್ರಾಗ ಹೊತ್ತು ಹೋಗ್ತೈತಿ.

ಅಂದ್ರ ಖರೇ ನುಂಗೋದು ಅರ್ಧ, ಆಗದ ನುಂಗೋದು ಅರ್ಧ, ಎರಡೂ ಬೆರಸಿ ಹೆಣದಾರ. 'ಮಗ್ಗವ ಲಾಳಿ ನುಂಗಿ' ಆಗದ್ದು, ನೂಲು ಆಚೀಚೆ ಒಯ್ಯೋ ಗೇಣುದ್ದದ ಲಾಳಿ ಮಗ್ಗ ಹೆಂಗ ನುಂಗೀತು. ಆದ್ರ ಲಾಳಿ ಓಡದಿದ್ರ ಮಗ್ಗ ಬರೀ ಕಟಗಿ, ಹಂಗ ನೋಡಿದ್ರ ಅದೂ ಖರೇನ. ಕಡೀಕ ಗುರುವಿನ ಪಾದ ನನ್ನನ್ನ ನುಂಗಿತ್ತ ಅನ್ನೋ ಹೊತ್ತಿಗೆ ಇದು ಆಗೋ ಸಾಲಿನದೋ ಆಗದ ಸಾಲಿನದೋ ಅಂತ ಕೇಳೋನಿಗೆ ಗೊತ್ತಾಗಬಾರದು.

ಕುಂಬಿ ಕಾಗಿ:
ಲಾಳಿಯಣ್ಣ, 'ಎತ್ತು ಜತ್ತಿಗೆಯ ನುಂಗಿ' ಅಲ್ಲಿ ಜತ್ತಿಗಿ ಅಂದ್ರ ನೊಗಕ್ಕ ಎತ್ತಿನ ಕೊಳ್ಳು ಕಟ್ಟೋ ಪಟ್ಟಿ ಹೌದಲ್ಲೋ? ಅದ ನುಡಿಯಾಗ ಬರೋ ಮೇಳಿ ಅಂದ್ರ ನೇಗಿಲಿನ ಹಿಡಿಕಿ.

ಲಾಳಿ:
ಹೌದ್ರಿ. ಎತ್ತು ಹಗ್ಗ ಕಡಿಯೋದು ಹೊಸದಲ್ಲ, ಅದೂ ಆಗೋ ಸಾಲಿಗೇ ಸೇರಸ್ರಿ.

ಟೇಪ್ ಡೆಕ್ (ರಾಯಚೂರು):
ಮೊದಲ ಪ್ರಶ್ನೆಗೆ ವಾಪಸ್ ಬರುತ್ತೇನೆ. 'ಹುಬ್ಬಿ'ಯ ಹ ಎಲ್ಲಿ ಹೋಯಿತು? ಬಹಳ ಮಟ್ಟಿಗೆ ಟೇಪಿನಲ್ಲಿ ಹೋಯಿತು. ಹಕಾರ ಅಂದರೆ ಬರೀ ಉಸಿರು, ಸದ್ದು ಕಡಿಮೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಅಗಲ 3.81 ಮಿಲಿಮೀಟರ್. ಇಷ್ಟು ನಿಧಾನ, ಇಷ್ಟು ಸಣ್ಣ ಪಟ್ಟಿಯಲ್ಲಿ ಏನೇ ಸ್ವಲ್ಪ ಕೆಟ್ಟರೂ ಮೊದಲು ಹೋಗುವುದು ಮೇಲಿನ ಕಂಪನಾಂಕ, ಅಂದರೆ ಹ, ಸ, ಶ. ಟೇಪಿನಿಂದ ದನಿ ಓದುವ ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ 90 ಡಿಗ್ರಿ ಇರಬೇಕು. ಕೂದಲೆಳೆಯಷ್ಟು ವಾಲಿದರೂ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ ತುಂಬಿಸಿದ ನಕಲಾದರೆ ಎರಡು ಯಂತ್ರದ ವಾಲು ಒಟ್ಟುಗೂಡಿರುತ್ತದೆ. ಹ ಹೋಗಿ 'ಉಬ್ಬಿ' ಉಳಿಯುವುದು ಹೀಗೆ.

ಹಳೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವವರು ನೇರ ಪ್ಲೇ ಒತ್ತಬೇಡಿ. ಮೊದಲು ಕ್ಯಾಸೆಟ್‌ನ ತೆರೆದ ಬದಿಯ ನಡುವೆ ನೋಡಿ, ತಗಡಿನ ಪಟ್ಟಿಯ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡ ಫೆಲ್ಟ್ ತುಂಡು ಇರಬೇಕು. ನಮ್ಮ ಬಿಸಿಲಿಗೆ ಅದರ ಅಂಟು ಒಣಗಿ ಬಿದ್ದುಹೋಗಿರುತ್ತದೆ. ಅದಿಲ್ಲದೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ, ದನಿ ಏರಿಳಿಯುತ್ತದೆ. ಐದು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಡಬ್ಬಿ ಬಿಚ್ಚಿ ಸುರುಳಿ ಎರಡನ್ನೂ ಅದಕ್ಕೆ ವರ್ಗಾಯಿಸಿ. ಸ್ಕ್ರೂ ಇಲ್ಲದೆ ಬೆಸುಗೆ ಹಾಕಿದ ಡಬ್ಬಿಯಾದರೆ ಅಂಚಿನಲ್ಲಿ ಬ್ಲೇಡ್ ಹಾಕಿ ನಿಧಾನ ಬಿಡಿಸಬೇಕು, ಟೇಪು ಕುಯ್ಯಬಾರದು. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಅಂಟಿದ ಸುತ್ತು ಬಿಡಿಸಿಕೊಳ್ಳುತ್ತದೆ.

ಹೆಡ್ಡು, ಅದರ ಪಕ್ಕದ ತೆಳು ಉಕ್ಕಿನ ಕಡ್ಡಿ, ರಬ್ಬರ್ ಗಾಲಿ ಮೂರನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಡ್‌ನಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಉಗುರಿನ ಬಣ್ಣ ತೆಗೆಯುವ ದ್ರಾವಣ ಬೇಡ, ರಬ್ಬರ್ ಹಾಳಾಗುತ್ತದೆ.

ಈಗ ಮುಖ್ಯ ಕೆಲಸ. ಹೆಡ್ಡಿನ ಒಂದು ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಇದೆ. ಹಾಡು ಓಡುತ್ತಿರುವಾಗ ಎಡ-ಬಲ ಎರಡೂ ಸೇರಿಸಿ ಮೋನೊದಲ್ಲಿ ಕೇಳುತ್ತಾ ಆ ಸ್ಕ್ರೂ ಎಂಟನೇ ಒಂದು ಸುತ್ತು ಆಚೆ, ಎಂಟನೇ ಒಂದು ಸುತ್ತು ಈಚೆ ತಿರುಗಿಸಿ. ತಾಳದ ಕಿಣಿಕಿಣಿ ಎಲ್ಲಿ ಅತ್ಯಂತ ಚೂಪಾಗಿ ಕೇಳುತ್ತದೋ ಅಲ್ಲಿ ಬಿಡಿ. ಸ್ಟೀರಿಯೋದಲ್ಲಿ ಕೇಳಿದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಮೋನೊದಲ್ಲಿ ಎರಡು ದಾರಿಯ ಸದ್ದು ಒಂದನ್ನೊಂದು ಅಳಿಸುವುದರಿಂದ ತಪ್ಪು ಎದ್ದು ಕಾಣುತ್ತದೆ. ಪ್ರತಿ ಕ್ಯಾಸೆಟ್ಟಿಗೂ ಮತ್ತೆ ಮಾಡಬೇಕು, ಮೇಲ್ಬದಿಗೆ ಕೂಡಿದ್ದು ಕೆಳಬದಿಗೆ ಕೂಡದೆ ಇರಬಹುದು. ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್, ವೇವ್ ಕಡತ, ಗಟ್ಟಿ ಭಾಗ ಮೈನಸ್ 6 ಡೆಸಿಬೆಲ್ ದಾಟದಂತೆ.

ಗುರ್ರೆನ್ನುವ ಸದ್ದಿದ್ದರೆ ಅದು ಕರೆಂಟಿನ 50 ಮತ್ತು 100 ಹರ್ಟ್ಸ್, ಅಷ್ಟನ್ನೇ ಕತ್ತರಿಸಿ. ಸುಯ್ ಅನ್ನುವುದನ್ನು ತೆಗೆಯಲು ಹೋಗಿ ಆಡಾಸಿಟಿ ತಂತ್ರಾಂಶದ ನಾಯ್ಸ್ ರಿಡಕ್ಷನ್ 12 ಡೆಸಿಬೆಲ್‌ಗೆ ಇಟ್ಟರೆ ಟೇಪಿನ ಸುಯ್ಯೂ ಹೋಗುತ್ತದೆ, ಷರೀಫರ ಹಕಾರವೂ ಹೋಗುತ್ತದೆ, ಯಂತ್ರಕ್ಕೆ ಎರಡೂ ಉಸಿರೇ. 6 ಸಾಕು. ಮೂಲ ಕಡತ ಮುಟ್ಟದೆ ಬೇರೆ ಇಡಿ.

ಕುಂಬಿ ಕಾಗಿ:
ನಮ್ಮಲ್ಲಿರೋ ನಕಲಿನಾಗ ದನಿ ಸ್ವಲ್ಪ ಸಣ್ಣದಾಗಿ, ಅವಸರಾಗಿ ಓಡಿದಂಗ ಐತಿ. ಅದೂ ಹೆಡ್ಡಿನದ?

ಟೇಪ್ ಡೆಕ್:
ಅಲ್ಲ, ಅದು ವೇಗ. ತುಂಬಿಸಿದ ಯಂತ್ರದ ಬೆಲ್ಟ್ ಸಡಿಲವಿದ್ದು ನಿಧಾನ ಓಡಿದ್ದರೆ, ಸರಿಯಾದ ಯಂತ್ರದಲ್ಲಿ ಅದು ಅವಸರವಾಗಿ ಕೇಳುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ಹಾಡಿನ ಷಡ್ಜ ಹುಡುಕಿ. ಅದು ಎರಡು ಮನೆಯ, ಅಂದರೆ ಅಕ್ಕಪಕ್ಕದ ಎರಡು ಕೀಲಿಯ, ನಡುವೆ ಬಿದ್ದರೆ ವೇಗ ತಪ್ಪಿರುವ ಸಾಧ್ಯತೆ ಹೆಚ್ಚು. ಒಂದು ಮನೆ ಏರಿಕೆ ಅಂದರೆ ಸುಮಾರು 6 ಪರ್ಸೆಂಟ್, ಅರ್ಧ ಮನೆಗೆ 3. ಕಂಪ್ಯೂಟರಿನಲ್ಲಿ ಸ್ಪೀಡ್ ಅನ್ನುವುದನ್ನೇ ಬದಲಿಸಿ, ಪಿಚ್ ಅನ್ನುವುದನ್ನಲ್ಲ. ಪಿಚ್ ಬದಲಿಸಿದರೆ ಶ್ರುತಿ ಇಳಿಯುತ್ತದೆ, ಅವಸರ ಹಾಗೇ ಉಳಿಯುತ್ತದೆ.

ಹಗರಿ ದಂಡಿ:
ಮೋನೊ ಮಾಡಿ ಸ್ಕ್ರೂ ತಿರುಗಿಸಿದ್ದಾಯ್ತು. ಕಾಲು ಸುತ್ತೂ ಬೇಕಾಗಲಿಲ್ಲ. ಕೊನೆ ನುಡಿಯಲ್ಲಿ 'ಕಾಣೆ' ಆದಮೇಲೆ ಸಣ್ಣಗೆ ಒಂದು ಉಸಿರು ಇದೆ, ಆಮೇಲೆ 'ಉ'. ಹುಬ್ಬಿನೇ. ಮೊದಲ ನುಡಿಯಲ್ಲಿ ಮಾತ್ರ ಇವರು 'ಹೋಗಲಾರೆ' ಅಂತಾನೇ ಹಾಡಿದ್ದಾರೆ, ಹ ಚೊಕ್ಕ ಕೇಳುತ್ತೆ.

ಗಚ್ಚು ಗಾರಿ:
ಹಾಡೋರು ಮಾಳಿಗಿ ಮೆಟ್ಟಿಲ್ಲ ಬಿಡ್ರಿ. ಎರಡನೇ ನುಡಿಗೆ ಏನಂತಾರ ಅದನ್ನೂ ಕೇಳಿ ಹೇಳ್ರಿ.

ಹಗರಿ ದಂಡಿ:
ಎರಡನೇದಕ್ಕೆ 'ಮೆಟ್ಟಲಾರೆ'.